‘ಔಟ್‌ಸ್ಟ್ರಿಪ್’ ಪದಕ್ಕೂ ಬಟ್ಟೆ ಬಿಚ್ಚುವುದಕ್ಕೂ ಸಂಬಂಧವಿದೆಯೇ?

ಗ್ರೀಕ್ ಓಟಗಾರರು ಬಟ್ಟೆ ಕಳಚಿಟ್ಟು ಓಡಿ ಗೆಲ್ಲುತ್ತಿದ್ದರು, ‘ಔಟ್‌ಸ್ಟ್ರಿಪ್’ (ಹಿಂದಿಕ್ಕು, ಮೀರಿಸು) ಹುಟ್ಟಿದ್ದು ಅಲ್ಲಿಂದಲೇ ಅನ್ನುವುದನ್ನು ನಾನೂ ಕೇಳಿದ್ದೇನೆ. ಅವರು ಬೆತ್ತಲೆ ಓಡುತ್ತಿದ್ದದ್ದು ನಿಜ, ಉಳಿದದ್ದು ಕಟ್ಟುಕಥೆ. ಈ ಕ್ರಿಯಾಪದ ಇಂಗ್ಲಿಷಿನಲ್ಲಿ ಕಾಣಿಸಿದ್ದೇ 16ನೇ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೂ ಮೊದಲು, ಸುಮಾರು 1400ರ ಹೊತ್ತಿಗೆ, ಅಲ್ಲಿ ‘ಸ್ಟ್ರಿಪ್’ ಅಂತ ಬೇರೆಯೇ ಒಂದು ಕ್ರಿಯಾಪದವಿತ್ತು. ಸರ್ರನೆ ಸಾಗು ಅಂತ ಅದರ ಅರ್ಥ. ಅದರ ಮೂಲ ನಿಘಂಟುಕಾರರಿಗೂ ಸಿಕ್ಕಿಲ್ಲ. ‘ಔಟ್’ ಸೇರಿದ್ದು ಅದಕ್ಕೆ. ಬಟ್ಟೆ ಕಳಚುವ ಸ್ಟ್ರಿಪ್ ಬಂದದ್ದು ಕೊಳ್ಳೆ ಹೊಡೆ ಎಂಬರ್ಥದ ಹಳೆ ಇಂಗ್ಲಿಷ್ ಮಾತಿನಿಂದ. ನಮ್ಮ ‘ಸುಲಿ’ ನೋಡಿ, ಬಾಳೆಹಣ್ಣಿಗೂ ಅದೇ, ಊರು ದೋಚುವುದಕ್ಕೂ ಅದೇ.

ಪದದಲ್ಲಿರುವುದು ಓಟ ಅನ್ನುವುದಕ್ಕೆ ಶೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ಸಾಕು. ನಾಲ್ಕನೇ ಅಂಕದಲ್ಲಿ ಪ್ರಾಸ್ಪೆರೊ ತನ್ನ ಮಗಳ ಬಗ್ಗೆ ಹೇಳುತ್ತಾನೆ: ಇವಳು ಎಲ್ಲ ಹೊಗಳಿಕೆಯನ್ನೂ ‘ಔಟ್‌ಸ್ಟ್ರಿಪ್’ ಮಾಡುತ್ತಾಳೆ, ಹೊಗಳಿಕೆ ಕುಂಟುತ್ತಾ ಹಿಂದೆ ಬೀಳುತ್ತದೆ.

ವ್ಯುತ್ಪತ್ತಿ ತಿಳಿಯದಿದ್ದರೆ ಯಾವ ನಷ್ಟವೂ ಇಲ್ಲ. ಪರೀಕ್ಷೆಯಲ್ಲಿ ಕನ್ನಡದವರ ಅಂಕ ಹೋಗುವುದು ‘ದ್ಯಾನ್’ (than) ಬಳಸುವಲ್ಲಿ. ‘ಹೀ ಔಟ್‌ಸ್ಟ್ರಿಪ್ಡ್ ದ್ಯಾನ್ ಹಿಸ್ ಬ್ರದರ್’ ಅಂತ ಬರೆಯುತ್ತಾರೆ, ಯಾಕೆಂದರೆ ತಲೆಯಲ್ಲಿ ‘ಅಣ್ಣನಿಗಿಂತ’ ಕೂತಿರುತ್ತದೆ. ಆ ‘ಗಿಂತ’ದ ಕೆಲಸವನ್ನು ‘ಔಟ್’ ಆಗಲೇ ಮುಗಿಸಿದೆ. ‘ರನ್’ಗೆ ಕರ್ಮ ಬೇಕಿಲ್ಲ, ‘ಔಟ್‌ರನ್’ಗೆ ಬೇಕೇ ಬೇಕು, ‘ಲಿವ್’, ‘ಔಟ್‌ಲಿವ್’ ಕೂಡ ಹಾಗೇ. ಹಿಂದೆ ಬಿದ್ದವನ ಹೆಸರು ನೇರ ಕರ್ಮವಾಗಿ ಬರಬೇಕು, ನಡುವೆ ಏನೂ ಇಣುಕಬಾರದು. ‘ಅಣ್ಣನಿಗಿಂತ’ ಬಿಟ್ಟು ‘ಅಣ್ಣನನ್ನು ಮೀರಿಸಿದ’ ಅಂತ ಯೋಚಿಸಿ ಬರೆಯಿರಿ, ‘ದ್ಯಾನ್’ ಬರಲು ಜಾಗವೇ ಇರುವುದಿಲ್ಲ. ಇದೇ ಗುಂಪಿನ ‘ಸರ್‌ಪಾಸ್’, ‘ಎಕ್ಸೀಡ್’ಗಳಲ್ಲೂ ಇದೇ ಎಡವಟ್ಟು. ಕಾಗುಣಿತಕ್ಕೆ ಬಂದರೆ, ಉಚ್ಚಾರದ ಒತ್ತು ಕೊನೆಯ ‘ಸ್ಟ್ರಿಪ್’ ಮೇಲೆ ಬೀಳುವುದರಿಂದ ‘-ಎಡ್’, ‘-ಇಂಗ್’ ಸೇರಿದಾಗ ‘ಪಿ’ ಎರಡಾಗುತ್ತದೆ.

ಕನ್ನಡಕ್ಕೆ ತರುವಾಗ ‘ಹಿಂದಿಕ್ಕು’ ನನ್ನ ಮೊದಲ ಆಯ್ಕೆ, ಓಟದ ಚಿತ್ರ ಉಳಿಯುತ್ತದೆ. ಶಿಷ್ಯ ಗುರುವನ್ನು ‘ಮೀರಿಸಿದ’ ಅಂದರೂ ಸರಿ. ‘ಮೀರಿದ’ ಅಂದಿರೋ, ಗುರುವಿನ ಮಾತು ಕೇಳಲಿಲ್ಲ ಅಂತಾದೀತು! ಮಿತಿ, ವೇಗದ ಲೆಕ್ಕವಾದರೆ ‘ಮೀರು’ ಸರಿ, ಆದರೆ ಅಲ್ಲಿ ಇಂಗ್ಲಿಷಿಗೆ ‘ಎಕ್ಸೀಡ್’ ಬೇಕು, ‘ಔಟ್‌ಸ್ಟ್ರಿಪ್’ ಕೂರುವುದಿಲ್ಲ. ಇವತ್ತು ಈ ಪದ ಹೆಚ್ಚಾಗಿ ಕಾಣುವುದು ಆರ್ಥಿಕ ವರದಿಗಳಲ್ಲಿ: ಬೇಡಿಕೆ ಪೂರೈಕೆಯನ್ನು ಹಿಂದಿಕ್ಕಿತು, ಬೆಲೆಯೇರಿಕೆ ಸಂಬಳವನ್ನು ಹಿಂದಿಕ್ಕಿತು. ರೆಸ್ಯೂಮೆಯಲ್ಲಿ ಸಹೋದ್ಯೋಗಿಗಳ ಹೋಲಿಕೆಗೆ ಇದನ್ನು ಹಾಕಬೇಡಿ. ಅಲ್ಲಿಗೆ ‘ಔಟ್‌ಪರ್ಫಾರ್ಮ್’ ಒಪ್ಪುತ್ತದೆ.