ವೈದ್ಯರು ಕೈಪಿಡಿ ಕೊಟ್ಟು ‘ಓದಿಕೊಂಡು ಬನ್ನಿ’ ಎಂದಾಗ

ಪ್ರಶ್ನೆ: ನನ್ನ ಅಕ್ಕನಿಗೆ 58 ವರ್ಷ. ಸ್ತನದಲ್ಲಿ ಕಂಡ ಗಂಟು ಕ್ಯಾನ್ಸರ್ ಎಂದು ಪರೀಕ್ಷೆಯಿಂದ ಗೊತ್ತಾಗಿದೆ. ಇನ್ನೂ ಆರಂಭದ ಹಂತವಂತೆ. ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಡಬಹುದು, ಇಲ್ಲವೇ ಇಡೀ ಸ್ತನವನ್ನೇ ತೆಗೆಯಬಹುದು ಎಂದ ಮೈಸೂರಿನ ವೈದ್ಯರು, ನಾಲ್ಕು ಪುಟದ ಕೈಪಿಡಿಯೊಂದನ್ನು ಕೊಟ್ಟು, ಓದಿಕೊಂಡು ಮುಂದಿನ ವಾರ ಬನ್ನಿ ಎಂದು ಕಳುಹಿಸಿದ್ದಾರೆ. ಯಾವುದು ಸರಿ ಎಂದು ಅವರಿಗೇ ಗೊತ್ತಿಲ್ಲವೇ? ಕಾಫಿ ಕುಯ್ಲು ಬೇರೆ ಹತ್ತಿರ ಬಂತು. ಮನೆಯವರೇ ತೀರ್ಮಾನಿಸಿ ಅಕ್ಕನಿಗೆ ತಿಳಿಸಿದರೆ ಆಗದೇ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ವೈದ್ಯರು ಜವಾಬ್ದಾರಿ ಜಾರಿಸಿಕೊಂಡರೆಂಬ ಅನುಮಾನವನ್ನು ದಯವಿಟ್ಟು ಬಿಡಿ. ಆರಂಭದ ಹಂತದ ಸ್ತನ ಕ್ಯಾನ್ಸರಿನಲ್ಲಿ ಈ ಎರಡು ದಾರಿಗಳ ನಡುವೆ ಆಯುಷ್ಯದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲವೆಂಬುದು ಬಹಳ ಹಿಂದೆಯೇ ಸ್ಥಿರಪಟ್ಟ ಸಂಗತಿ. 1976ರಲ್ಲಿ ಆರಂಭವಾದ ‘ಬಿ-06’ ಎಂಬ ಅಮೆರಿಕದ ಅಧ್ಯಯನವು 1,851 ಮಹಿಳೆಯರ ಆರೋಗ್ಯವನ್ನು ಗಮನಿಸುತ್ತ ಬಂದು, 2002ರಲ್ಲಿ ಇಪ್ಪತ್ತು ವರ್ಷಗಳ ಫಲಿತಾಂಶವನ್ನು ಪ್ರಕಟಿಸಿತು: ಸ್ತನ ಉಳಿಸಿಕೊಂಡವರೂ ತೆಗೆಸಿಕೊಂಡವರೂ ಬದುಕಿದ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ಗಂಟನ್ನಷ್ಟೇ ತೆಗೆಸಿಕೊಂಡವರಲ್ಲಿ, ರೇಡಿಯೇಷನ್ ಪಡೆದ ನೂರು ಮಂದಿಯಲ್ಲಿ ಸುಮಾರು 14 ಮಂದಿಗೆ ಅದೇ ಸ್ತನದಲ್ಲಿ ಕಾಯಿಲೆ ಮರುಕಳಿಸಿದರೆ, ಪಡೆಯದವರಲ್ಲಿ ಸುಮಾರು 39 ಮಂದಿಗೆ ಮರುಕಳಿಸಿತು. ಆದ್ದರಿಂದ ಸ್ತನ ಉಳಿಸಿಕೊಳ್ಳುವ ದಾರಿಯನ್ನು ಹಿಡಿದರೆ ರೇಡಿಯೇಷನ್ ಅದರ ಜೊತೆಗೇ ಬರುತ್ತದೆ.

ಇಲ್ಲಿಂದ ಮುಂದಿನ ಲೆಕ್ಕ ಯಾವ ವೈದ್ಯಕೀಯ ಪುಸ್ತಕದಲ್ಲೂ ಸಿಗುವುದಿಲ್ಲ. ರೇಡಿಯೇಷನ್ ಎಂದರೆ ವಾರಕ್ಕೆ ಐದು ದಿನದಂತೆ ಸಾಮಾನ್ಯವಾಗಿ ಮೂರರಿಂದ ಐದು ವಾರ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್ ಇರುವಾಗ ನಿತ್ಯ ಹೋಗಿಬರುವುದು ಆಗದ ಮಾತು, ಅಲ್ಲಿಯೇ ಉಳಿಯಬೇಕು. ಕುಯ್ಲಿನ ಕಾಲದಲ್ಲಿ ಕಣ ಬಿಟ್ಟು ಅಷ್ಟು ದಿನ ದೂರವಿರುವುದು ಒಬ್ಬರಿಗೆ ದೊಡ್ಡ ಹೊರೆಯೆನಿಸಬಹುದು. ಇನ್ನೊಬ್ಬರಿಗೆ ಸ್ತನವಿಲ್ಲದ ದೇಹವನ್ನು ನಿತ್ಯ ಕಾಣುವುದು ಅದಕ್ಕಿಂತ ಹೆಚ್ಚಿನ ನೋವಾಗಬಹುದು. ಮತ್ತೊಬ್ಬರು, ಅಲ್ಲಿ ಏನೂ ಉಳಿಯದಿದ್ದರೇ ತನಗೆ ರಾತ್ರಿ ನಿದ್ದೆ ಬರುವುದೆನ್ನಬಹುದು. ಮೂವರೂ ಸರಿಯೇ. ಇದನ್ನು ತೂಗಬಲ್ಲವರು ನಿಮ್ಮ ಅಕ್ಕ ಮಾತ್ರ.

ಡಿಸಿಷನ್ ಏಡ್, ಅಂದರೆ ತೀರ್ಮಾನಕ್ಕೆ ನೆರವು ಎನ್ನುವ ಇಂಥ ಕೈಪಿಡಿ ಹುಟ್ಟಿದ್ದೇ ಈ ಕೆಲಸಕ್ಕಾಗಿ. ಶಸ್ತ್ರಚಿಕಿತ್ಸೆಗೆ ಮುನ್ನ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಬೇರೆ, ಇದು ಬೇರೆ. ಎರಡು ಚಿಕಿತ್ಸೆಗಳನ್ನು ಅಕ್ಕಪಕ್ಕದ ಕಂಬಸಾಲಿನಲ್ಲಿಟ್ಟು, ಆಸ್ಪತ್ರೆಯಲ್ಲಿ ಎಷ್ಟು ದಿನ, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದೇ, ತೋಳು ಬಾವು ಬರಬಹುದೇ ಎಂಬ ಒಂದೊಂದು ಪ್ರಶ್ನೆಗೂ ಎರಡು ಕಡೆಯ ಉತ್ತರವನ್ನು ಅದು ಕೊಡಬೇಕು. ಕೊನೆಯಲ್ಲಿ ‘ನಿಮಗೆ ಯಾವುದು ಮುಖ್ಯ?’ ಎಂದು ಕೇಳಬೇಕು. ಒಂದು ಚಿಕಿತ್ಸೆಯ ಗುಣವನ್ನಷ್ಟೇ ಹೇಳಿ ಇನ್ನೊಂದರ ದೋಷವನ್ನಷ್ಟೇ ಎತ್ತಿದ್ದರೆ ಅದು ಜಾಹೀರಾತು. ಯಾರು ಸಿದ್ಧಪಡಿಸಿದ್ದು, ಯಾವ ವರ್ಷ ಪರಿಷ್ಕರಿಸಿದ್ದು ಎಂಬುದು ಹಿಂಬದಿಯಲ್ಲಿದೆಯೇ ನೋಡಿ. ಹೀಗೆ ಕೈಪಿಡಿಗಳನ್ನು ಅಳೆಯುವ ಮಾನದಂಡಗಳನ್ನು ‘ಇಪ್‌ಡಾಸ್’ ಎಂಬ ಅಂತರರಾಷ್ಟ್ರೀಯ ತಜ್ಞರ ಬಳಗ 2006ರಲ್ಲಿಯೇ ಪ್ರಕಟಿಸಿದೆ. ಇವುಗಳಿಂದ ಪ್ರಯೋಜನವಿದೆಯೇ ಎಂದರೆ, 209 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2024ರ ವರದಿಯಂತೆ, ಕೈಪಿಡಿ ಬಳಸಿದ ರೋಗಿಗಳಿಗೆ ತಿಳಿವಳಿಕೆ ಹೆಚ್ಚು, ಅಪಾಯದ ಅಂದಾಜು ಹೆಚ್ಚು ನಿಖರ, ಹೊಯ್ದಾಟ ಕಡಿಮೆ.

ಮನೆಯವರೇ ತೀರ್ಮಾನಿಸುವ ವಿಚಾರಕ್ಕೆ ಬಂದರೆ, ನಿಮ್ಮ ಕಾಳಜಿಯಲ್ಲಿ ನನಗೆ ಸಂಶಯವಿಲ್ಲ, ಆದರೂ ಬೇಡವೆನ್ನುತ್ತೇನೆ. ಅರಿವಳಿಕೆಯಲ್ಲಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ತುರ್ತು ಇಲ್ಲದಿರುವಾಗ ಪ್ರಾಪ್ತವಯಸ್ಕ ರೋಗಿಯ ಪರವಾಗಿ ಮತ್ತೊಬ್ಬರು ಕೊಟ್ಟ ಒಪ್ಪಿಗೆ ಸಲ್ಲದೆಂದು ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ತೀರ್ಪಿತ್ತಿದೆ. ಕೈಪಿಡಿಯನ್ನು ಮೊದಲು ಅಕ್ಕನ ಕೈಗೇ ಕೊಡಿ. ಅವರು ಓದಿ, ತಮ್ಮ ಮನಸ್ಸಿನಲ್ಲಿರುವುದನ್ನು ಹೇಳಿದ ಮೇಲೆ ನಿಮ್ಮ ಅಭಿಪ್ರಾಯ ಹೇಳಿ. ಕುಯ್ಲನ್ನು ಯಾರು ನೋಡಿಕೊಳ್ಳುವರು, ಮೈಸೂರಿನಲ್ಲಿ ಜೊತೆಗೆ ಯಾರು ಇರುವರು ಎಂಬುದನ್ನು ನೀವು ಮನೆಯವರು ಮುಂಚೆಯೇ ಗೊತ್ತುಮಾಡಿ ತಿಳಿಸಿದರೆ ಅವರ ಆಯ್ಕೆ ಅಷ್ಟರಮಟ್ಟಿಗೆ ಹಗುರಾಗುತ್ತದೆ. ಸ್ತನ ತೆಗೆದರೂ ಕೆಲವೊಮ್ಮೆ ರೇಡಿಯೇಷನ್ ಬೇಕಾಗುತ್ತದೆ, ಕಂಕುಳಿನ ಗ್ರಂಥಿಗಳಿಗೆ ಹರಡಿದ್ದರೆ ವಿಶೇಷವಾಗಿ. ಅಕ್ಕನ ವಿಷಯದಲ್ಲಿ ಆ ಸಂಭವವೆಷ್ಟೆಂದು ಮುಂದಿನ ಭೇಟಿಯಲ್ಲಿ ತಪ್ಪದೆ ಕೇಳಿ.

ಪ್ರಶ್ನೆ: ನಮ್ಮ ತಾಯಿಗೆ ಓದಲು ಬಾರದು, ಕೊಡವ ತಕ್ಕ್ ಬಿಟ್ಟರೆ ಬೇರೆ ಮಾತು ಸಲೀಸಲ್ಲ. ಇಂಥ ಕೈಪಿಡಿ ಅವರಿಗೆ ಉಪಯೋಗವೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಖಂಡಿತ. ಒಳ್ಳೆಯ ಕೈಪಿಡಿಯಲ್ಲಿ ನೂರು ಪುಟ್ಟ ಮನುಷ್ಯಾಕೃತಿಗಳ ಚೌಕವಿದ್ದು, ತೊಂದರೆಯಾಗುವವರಿಗೆ ಮಾತ್ರ ಬೇರೆ ಬಣ್ಣ ತುಂಬಿರುತ್ತಾರೆ. ಅದರ ಮೇಲೆ ತಾಯಿಯ ಬೆರಳಿಡಿಸಿ ಎಣಿಸಿ. ‘ಅಪಾಯ ಅರ್ಧಕ್ಕಿಳಿಯುತ್ತದೆ’ ಎಂಬ ಮಾತಿಗಿಂತ ಇದು ಮೇಲು, ಏಕೆಂದರೆ ನೂರರಲ್ಲಿ ಎರಡು ಒಂದಾದರೂ, ನಲವತ್ತು ಇಪ್ಪತ್ತಾದರೂ ಅರ್ಧವೇ. ಉಳಿದದ್ದನ್ನು ಕೊಡವ ತಕ್ಕ್‌ನಲ್ಲಿ ಓದಿ ಹೇಳಿ, ಬಳಿಕ ಎರಡು ದಾರಿಗಳನ್ನೂ ಅವರ ಮಾತಿನಲ್ಲೇ ನಿಮಗೆ ವಿವರಿಸುವಂತೆ ಕೇಳಿ. ಎಲ್ಲಿ ತಡವರಿಸುತ್ತಾರೋ ಆ ಭಾಗವನ್ನು ಗುರುತು ಹಾಕಿಕೊಂಡು ವೈದ್ಯರ ಬಳಿ ಮತ್ತೆ ಹೇಳಿಸಿಕೊಳ್ಳಿ.