ಓದುಗರ ಪ್ರಶ್ನೆಗೆ ಉತ್ತರ: ಹಿಮದ ನಾಡಿನ ಅವಳಿ ಸೋದರಿಯರು

ಪ್ರಶ್ನೆ: ಕ್ರಾಸ್‌ಕಂಟ್ರಿ ಸ್ಕೀಯಿಂಗ್ (ಕಾಲಿಗೆ ಸ್ಕೀ ಎಂಬ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಬಹುದೂರ ಜಾರುತ್ತ ಸಾಗುವ ಓಟ) ಎಂದರೆ ನಾರ್ವೆ, ರಷ್ಯಾ ಎಂಬ ಹೆಸರುಗಳೇ ಕೇಳಿಬರುತ್ತವೆ. ಉತ್ತರ ಅಮೆರಿಕದ ಮೂಲನಿವಾಸಿ ಮಹಿಳೆಯರು ಇದರಲ್ಲಿ ಹೆಸರು ಮಾಡಿದ್ದಾರೆಯೇ? ಹಿಮದಲ್ಲೇ ಹುಟ್ಟಿ ಬೆಳೆದವರಿಗೆ ಇದು ಸಹಜವಾಗಿ ಬಂದುಬಿಡುತ್ತದೆಯೇ? ಒಲಿಂಪಿಕ್ ಪದಕ ಗೆದ್ದವರು ಇದ್ದಾರೆಯೇ?
– ದೈಹಿಕ ಶಿಕ್ಷಣ ಶಿಕ್ಷಕಿ, ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ಹೆಸರು ಮಾಡಿದ್ದಾರೆ. ಕೆನಡಾದ ಶರಾನ್ ಫರ್ತ್ ಮತ್ತು ಶರ್ಲಿ ಫರ್ತ್ ಅವರನ್ನು ಮೊದಲು ನೆನೆಯಬೇಕು. ಗ್ವಿಚಿನ್ ಎಂಬ ಮೂಲನಿವಾಸಿ ಸಮುದಾಯದ ಈ ಅವಳಿ ಸೋದರಿಯರು ಹುಟ್ಟಿದ್ದು 1953ರ ಡಿಸೆಂಬರ್ 31ರಂದು, ವಾಯವ್ಯ ಪ್ರಾಂತ್ಯದ ಅಕ್ಲಾವಿಕ್ ಎಂಬ ಸಣ್ಣ ಊರಿನಲ್ಲಿ. ಪ್ರಾಣಿಗಳಿಗೆ ಬಲೆಯೊಡ್ಡಿ ತುಪ್ಪಳ ಮಾರಿ ಬದುಕುವ ದೊಡ್ಡ ಕುಟುಂಬ ಅವರದು.

ನಿಮ್ಮ ಎರಡನೆಯ ಪ್ರಶ್ನೆಯಲ್ಲಿರುವ ಊಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಗ್ವಿಚಿನ್ ಜನ ತಲತಲಾಂತರದಿಂದ ಹಿಮದ ಮೇಲೆ ಓಡಾಡಲು ನೆಚ್ಚಿಕೊಂಡದ್ದು ಬಲೆಯಂತೆ ಹೆಣೆದ ಅಗಲ ಪಾದರಕ್ಷೆಗಳನ್ನು; ಸ್ಕೀ ಅವರಿಗೆ ಹೊರಗಿನಿಂದ ಬಂದ ಸಾಧನ. ಅದನ್ನು ಅಲ್ಲಿನ ಮಕ್ಕಳಿಗೆ ಕಲಿಸಿದವರು ಫ್ರಾನ್ಸ್ ಮೂಲದ ಪಾದ್ರಿ ಜಾನ್-ಮರಿ ಮೂಶೆ. ಕೆನಡಾದ ಯೂಕಾನ್ ಪ್ರದೇಶದ ಓಲ್ಡ್ ಕ್ರೋ ಎಂಬ ಹಳ್ಳಿಯಲ್ಲಿ ಅವರ ಗರಡಿಯಲ್ಲಿ ಪಳಗಿದ ಮಾರ್ಥಾ ಬೆಂಜಮಿನ್ 1963ರಲ್ಲೇ ಕೆನಡಾದ ರಾಷ್ಟ್ರೀಯ ಚಾಂಪಿಯನ್ ಆದರು (ಫರ್ತ್ ಸೋದರಿಯರ ಖ್ಯಾತಿಯಲ್ಲಿ ಈಕೆಯ ಹೆಸರು ಮರೆಯಾಗಿರುವುದು ನ್ಯಾಯವಲ್ಲ). ಬಳಿಕ ಆರ್ಕ್ಟಿಕ್ ವೃತ್ತದಿಂದ ಸುಮಾರು 200 ಕಿ.ಮೀ. ಉತ್ತರಕ್ಕಿರುವ ಇನುವಿಕ್ ಪಟ್ಟಣದಲ್ಲಿ, 1960ರ ದಶಕದಲ್ಲಿ, ಸರ್ಕಾರದ ನೆರವಿನ ತರಬೇತಿ ಯೋಜನೆಯೊಂದು ಆರಂಭವಾಯಿತು. ಚಳಿಗಾಲದಲ್ಲಿ ಸುಮಾರು ಒಂದು ತಿಂಗಳು ಸೂರ್ಯನೇ ಮೂಡದ ಆ ಊರಿನಲ್ಲಿ ಫರ್ತ್ ಸೋದರಿಯರು ಹದಿಹರೆಯದಲ್ಲೇ ಅಭ್ಯಾಸಕ್ಕಿಳಿದರು. ಬಾಲ್ಯದ ದುಡಿಮೆಯಿಂದ ದಕ್ಕಿದ ಕಸುವು ಅವರಲ್ಲಿತ್ತು, ನಿಜ. ಆದರೆ ಜೋಗಿಮಟ್ಟಿಯ ಏರನ್ನು ಬರಿಗಾಲಲ್ಲಿ ಹತ್ತಬಲ್ಲ ಹುಡುಗಿಗೂ ಓಟದ ಹದ ಕಲಿಸಲು ನಿಮ್ಮಂತಹ ಶಿಕ್ಷಕಿ ಬೇಕಾಗುವಂತೆ, ಆ ಕಸುವು ಸ್ಪರ್ಧೆಯ ವೇಗವಾಗಿ ಮಾರ್ಪಡಲು ಕ್ರಮಬದ್ಧ ತರಬೇತಿ ಬೇಕಾಯಿತು.

1972ರಲ್ಲಿ ಜಪಾನಿನ ಸಪ್ಪೊರೊದಲ್ಲಿ ಚಳಿಗಾಲದ ಒಲಿಂಪಿಕ್ಸ್ ಪ್ರವೇಶಿಸಿದ ಸೋದರಿಯರು ಇನ್ಸ್‌ಬ್ರುಕ್, ಲೇಕ್ ಪ್ಲಾಸಿಡ್ ಮತ್ತು ಸರಯೇವೊ ಕೂಟಗಳಿಗೂ ಆಯ್ಕೆಯಾದರು. ಮಹಿಳೆಯರಿಗೆ 20 ಕಿ.ಮೀ. ಸ್ಪರ್ಧೆ ಮೊದಲ ಬಾರಿಗೆ ಸೇರ್ಪಡೆಯಾದ 1984ರ ಸರಯೇವೊ ಕೂಟದ ಹೊತ್ತಿಗೆ ಇಬ್ಬರಿಗೂ ಮೂವತ್ತು ತುಂಬಿತ್ತು.

ಒಲಿಂಪಿಕ್ ಪದಕ ಇಬ್ಬರಿಗೂ ದಕ್ಕಲಿಲ್ಲ. ಆದರೆ ಹದಿನೇಳು ವರ್ಷ ರಾಷ್ಟ್ರೀಯ ತಂಡದಲ್ಲಿದ್ದು ಇಬ್ಬರೂ ಸೇರಿ 48 ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದವರನ್ನು ಪದಕದ ಅಳತೆಗೋಲಿನಿಂದಷ್ಟೇ ಅಳೆಯುವುದು ಕ್ರೀಡೆಯನ್ನು ಬಲ್ಲವರ ಲಕ್ಷಣವಲ್ಲ. 1987ರಲ್ಲಿ ಅವರಿಗೆ ದೇಶದ ಉನ್ನತ ನಾಗರಿಕ ಗೌರವವಾದ 'ಆರ್ಡರ್ ಆಫ್ ಕೆನಡಾ' ಸಂದಿತು. ಶರ್ಲಿ 2013ರಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ಎರಡು ವರ್ಷಗಳ ನಂತರ ಕೆನಡಾದ ಕ್ರೀಡಾ ಗೌರವ ಮಂದಿರ ಸೋದರಿಯರಿಬ್ಬರನ್ನೂ ಒಟ್ಟಿಗೇ ಸೇರಿಸಿಕೊಂಡಿತು.