ಪೊಕೆಮಾನ್ ಗೋ ಗೆದ್ದರೆ ದುಡ್ಡೆಲ್ಲ ನಿಂಟೆಂಡೊಗೇ ಹೋಗುತ್ತಾ?

ಇಲ್ಲ, ಜಪಾನಿನ ಗೇಮ್ ಕಂಪನಿ ನಿಂಟೆಂಡೊಗೆ ಸಿಗುವುದು ಪಾಲಿನೊಳಗಿನ ಪಾಲು ಮಾತ್ರ. ಫೋನ್ ಹಿಡಿದು ಬೀದಿ ಸುತ್ತುತ್ತಾ ಪೊಕೆಮಾನ್ ಪ್ರಾಣಿಗಳನ್ನು ಹಿಡಿಯುವ ಈ ಗೇಮ್ ಅನ್ನು 2016ರಲ್ಲಿ ಮಾಡಿ ಬಿಟ್ಟದ್ದು ಅಮೆರಿಕದ ನಯಾಂಟಿಕ್. ಪಿಕಾಚು ಮತ್ತಿತರ ಪೊಕೆಮಾನ್ ಪಾತ್ರಗಳ ಹಕ್ಕು ನೋಡಿಕೊಳ್ಳುವುದು ಜಪಾನಿನ ಪೊಕೆಮಾನ್ ಕಂಪನಿ. ಈ ಕಂಪನಿಗೆ ಲೈಸೆನ್ಸ್ ಶುಲ್ಕ ಬರುತ್ತದೆ, ಗೇಮ್ ಕಟ್ಟಲು, ನಡೆಸಲು ಕೈಜೋಡಿಸಿದ್ದಕ್ಕೂ ಹಣ ಬರುತ್ತದೆ. ಆ ಕಂಪನಿಯಲ್ಲಿ ನಿಂಟೆಂಡೊಗೆ ಆಗ ಇದ್ದದ್ದು ಶೇ. 32ರಷ್ಟು ಮತದ ಹಕ್ಕು.

ಇಷ್ಟು ಸುತ್ತು ಯಾಕೆ? ಬೀದಿಯ ನಕ್ಷೆಯ ಮೇಲೆ ಆಡಿಸುವ ವಿದ್ಯೆ ನಯಾಂಟಿಕ್ ಹತ್ತಿರ ಇತ್ತು. ಅವರ ಹಳೆಯ ಇನ್‌ಗ್ರೆಸ್ ಗೇಮಿಗೆ ಆಟಗಾರರು ಗುರುತಿಸಿಕೊಟ್ಟ ಎಷ್ಟೋ ಜಾಗಗಳೇ ಇಲ್ಲಿ ಪೊಕೆಸ್ಟಾಪ್, ಅಂದರೆ ಆಟದ ಸಾಮಾನು ಸಿಗುವ ತಾಣಗಳಾದವು. ಆದರೆ ಜನರನ್ನು ಮನೆಯಿಂದ ಎಬ್ಬಿಸಲು ಪಿಕಾಚುವೇ ಬೇಕಿತ್ತು, ಅಲ್ವಾ?

ಷೇರುಪೇಟೆಯೂ ನಿಮ್ಮ ಹಾಗೇ ಅಂದುಕೊಂಡಿತ್ತು. ಆ ಜುಲೈನಲ್ಲಿ ಸಿಕ್ಕಾಪಟ್ಟೆ ಏರಿದ್ದ ನಿಂಟೆಂಡೊ ಷೇರು, ತನಗೆ ಇದರಿಂದ ಬರುವ ಲಾಭ ಕಡಿಮೆ ಎಂದು ಕಂಪನಿಯೇ ತಿಳಿಸಿದ ಮೇಲೆ ಒಂದೇ ದಿನ ಸುಮಾರು ಶೇ. 18ರಷ್ಟು ಬಿತ್ತು.